ಸಹಿ ಯಾರದು, ಹೊಣೆ ಯಾರದು?

(ಹರಿಹರದಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಕಲಿಸುವವನಿಗೆ ಬ್ಯಾಂಕಿನ ಉಸಾಬರಿ ಏಕೆಂದು ತಾವು ಕೇಳಬಹುದು. ಭದ್ರಾ ನಾಲೆಯ ಭತ್ತವಾಗಲಿ, ಮಳೆಯ ಮೆಕ್ಕೆಜೋಳವಾಗಲಿ, ದಾವಣಗೆರೆಯಲ್ಲಿ ಮಾರಿದ ಮೇಲೆ ಅದರ ಹಣ ಸಾಮಾನ್ಯವಾಗಿ ಬ್ಯಾಂಕಿನ ಖಾತೆಗೇ ಸೇರುತ್ತದೆ. ಅಲ್ಲಿಂದ ಹಣ ಹೊರಡಲು ತಮ್ಮ ಅಪ್ಪಣೆ ಬೇಕು. ಚೆಕ್ಕಿನ ಸಹಿಯೂ ಅಪ್ಪಣೆ, ಫೋನಿಗೆ ಬರುವ ಓಟಿಪಿಯೂ ಅಪ್ಪಣೆ.

ಅಪ್ಪಣೆಯಿಲ್ಲದೆ ಹಣ ಹೋದರೆ ಹೊಣೆ ಯಾರದು? ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯುಂಟು. ಕೆನರಾ ಸೇಲ್ಸ್ ಕಾರ್ಪೊರೇಷನ್ನಿನ ಲೆಕ್ಕಿಗನೇ ಮೇಲಧಿಕಾರಿಯ ಸಹಿಯನ್ನು ನಕಲು ಮಾಡಿ, 42 ಚೆಕ್ಕುಗಳಲ್ಲಿ ಮೂರು ಲಕ್ಷ ರೂಪಾಯಿಗೂ ಮೀರಿದ ಹಣ ತೆಗೆದಿದ್ದ. ಪಾಸ್‌ಬುಕ್ಕು ನೋಡದೆ ಇದ್ದುದು ಖಾತೆದಾರರ ತಪ್ಪೆಂದು ಕೆನರಾ ಬ್ಯಾಂಕು ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ನಕಲಿ ಸಹಿಯ ಚೆಕ್ಕು ಖಾತೆದಾರನ ಅಪ್ಪಣೆಯೇ ಅಲ್ಲ. ಅದಕ್ಕೆ ಹಣ ಕೊಟ್ಟರೆ ನಷ್ಟ ಬ್ಯಾಂಕಿನದೇ ಎಂದಿತು. ಆದರೆ ಮೋಸ ತಿಳಿದ ಮೇಲೂ ಖಾತೆದಾರ ಬಾಯಿಮುಚ್ಚಿಕೊಂಡಿದ್ದರೆ ಈ ರಕ್ಷಣೆ ಇರದು.

ಸಹಿ ನಮ್ಮದೇ ಆದಾಗ ಮಾತು ಬೇರೆ. ಗೊಬ್ಬರದ ಸಾಲಕ್ಕೋ ಮುಂಗಡಕ್ಕೋ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವ ರೂಢಿ ನಮ್ಮಲ್ಲಿದೆ. ಮನಸಾರೆ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದರೂ ಅದು ಸಾಲಕ್ಕಾಗಿ ಕೊಟ್ಟದ್ದೆಂದೇ ಕಾನೂನು ಭಾವಿಸುತ್ತದೆಂದು 2019ರಲ್ಲಿ ಅದೇ ನ್ಯಾಯಾಲಯ ಹೇಳಿತು. ಅಲ್ಲವೆಂದು ಸಾಧಿಸುವ ಭಾರ ಸಹಿ ಮಾಡಿದವರ ಮೇಲೆ. ಆದುದರಿಂದ ಮೊತ್ತ, ಹೆಸರು, ತಾರೀಖು ತುಂಬದೆ ಸಹಿ ಹಾಕಬೇಡಿ.

ಆರ್‌ಟಿಜಿಎಸ್, ನೆಫ್ಟ್ ಮೂಲಕ ಹಣ ಕಳಿಸುವಾಗ ಖಾತೆಯ ಸಂಖ್ಯೆ ಸರಿಯಾಗಿ ಕೊಡುವ ಜವಾಬ್ದಾರಿ ಕಳಿಸುವವರದು. ಪಡೆಯುವವರ ಹೆಸರನ್ನು ಮೊದಲೇ ತೋರಿಸುವ ಏರ್ಪಾಡು 2025ರ ಏಪ್ರಿಲ್‌ನಿಂದ ಬಂದಿದೆ. ಹೆಸರು ತಾಳೆಯಾದ ಮೇಲೆಯೇ ಒಪ್ಪಿಗೆ ಕೊಡಿ.

ತಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರು ಹಣ ಲಪಟಾಯಿಸಿದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟವಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿತು. ಓಟಿಪಿಯನ್ನು ತಾವೇ ಹೇಳಿಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ತಮ್ಮದೇ. ಮೋಸ ಕಂಡ ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬೆಳೆಗೆ ಹುಳು ಬಿತ್ತೇ ಎಂದು ದಿನವೂ ಹೊಲ ಸುತ್ತುತ್ತೀರಿ. ವಾರಕ್ಕೊಮ್ಮೆ ಪಾಸ್‌ಬುಕ್ಕನ್ನೂ ಹಾಗೆಯೇ ನೋಡಿ. ಓದು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳು ಓದಿ ಹೇಳಲಿ.