ತೆರೆಯ ಮೇಲೆ ಯಾರ ಹೆಸರು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಕಿರುತೆರೆ ಸಾಹಿತಿ’ ಅಂತ ಹಾಕಿದ್ದಾರೆ. ಅದು ಸ್ವಲ್ಪ ದೊಡ್ಡ ಮಾತಾಯಿತು. ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವಳು. ನಿನ್ನೆ ಓಣಿಯಲ್ಲಿ ಹಿರಿಯರೊಬ್ಬರು ಕೇಳಿದರು: “ಟೀವ್ಯಾಗ ಕೆಲಸ ಮಾಡ್ತೀ ಅಂತಾರಲ್ಲವ್ವಾ, ನಾವು ನಿನ್ನ ಒಮ್ಮೆನೂ ನೋಡೇ ಇಲ್ಲ?” ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಟೀವಿಯಲ್ಲಿ ಕೆಲಸ ಅಂದರೆ ಮುಖ ಕಾಣಿಸಬೇಕು ಅಂತಲೇ ನಾವೆಲ್ಲ ತಿಳಿದಿರುತ್ತೇವೆ.

ಆದರೆ ರಾತ್ರಿ ಊಟ ಮಾಡುತ್ತ ನೀವು ನೋಡುವ ಅರ್ಧ ಗಂಟೆಯ ಧಾರಾವಾಹಿಯಲ್ಲಿ ಮುಖ ಕಾಣಿಸುವವರು ಹತ್ತು ಜನರಾದರೆ, ಕಾಣದೆ ದುಡಿಯುವವರು ಅದರ ನಾಲ್ಕೈದು ಪಟ್ಟು ಇರುತ್ತಾರೆ. ಕತೆ ಹೆಣೆಯುವವರು ಬೇರೆ, ಚಿತ್ರಕತೆ ಮಾಡುವವರು ಬೇರೆ, ಮಾತು ಬರೆಯುವವರು ಬೇರೆ. ಸೀರೆ ಇಸ್ತ್ರಿ ಮಾಡುವವರು, ಮೇಕಪ್‌ನವರು, ನಿನ್ನೆಯ ದೃಶ್ಯದಲ್ಲಿ ನಾಯಕಿಯ ಕೈಯಲ್ಲಿ ಎಷ್ಟು ಬಳೆ ಇದ್ದವು ಅಂತ ಬರೆದಿಟ್ಟುಕೊಳ್ಳುವ ಸಹಾಯಕ ನಿರ್ದೇಶಕಿ, ಸಂಕಲನದವರು, ಡಬ್ಬಿಂಗ್‌ನವರು. ವಾರಕ್ಕೆ ಐದಾರು ಕಂತು, ಒಂದೊಂದಕ್ಕೆ ಏಳೆಂಟು ದೃಶ್ಯ. ಕೆಲವು ದಿನ ನಾನು ಬೆಳಿಗ್ಗೆ ಕಳಿಸಿದ ಹಾಳೆಯನ್ನು ಮಧ್ಯಾಹ್ನ ನಟಿಯರು ಬಾಯಿಪಾಠ ಮಾಡುತ್ತಿರುತ್ತಾರೆ. ಗುರುವಾರ ಬಂತೆಂದರೆ ಎದೆ ಡವಡವ, ವಾರದ ಟಿ.ಆರ್.ಪಿ. ಅಂಕಿ ಬರುವುದು ಅಂದೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಜೀವನದಲ್ಲಿ ಒಮ್ಮೆ ಬರುತ್ತದೆ ಅಂದುಕೊಂಡಿದ್ದೆ. ನಮಗೆ ಅದು ವಾರವಾರವೂ ಬರುತ್ತದೆ.

ಈ ಕೆಲಸಗಳಲ್ಲಿ ಹೆಣ್ಣುಮಕ್ಕಳು ಇದ್ದಾರೆಯೇ ಅಂತ ಕೇಳಿದರೆ, ಇದ್ದಾರೆ. ಕತೆಗಳಂತೂ ಬಹಳ ಹಿಂದಿನಿಂದ ನಮ್ಮವೇ. ನಾನು ಇವತ್ತು ಹೇಳಬೇಕೆಂದಿರುವುದು ಬೇರೆ ಎರಡು ವಿಷಯ: ದುಡಿಮೆಯ ಮೇಲೆ ಯಾರ ಹೆಸರು ಇರುತ್ತದೆ, ದುಡ್ಡು ಯಾರ ಕೈಗೆ ಬರುತ್ತದೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಬರೆದ ಮೊದಲ ಧಾರಾವಾಹಿಯಲ್ಲಿ ನೂರಕ್ಕೂ ಹೆಚ್ಚು ಕಂತುಗಳ ಮಾತು ನನ್ನದು. ತೆರೆಯ ಮೇಲೆ ‘ಸಂಭಾಷಣೆ’ ಅಂತ ಬರುತ್ತಿದ್ದ ಕಡೆ ಬೇರೊಬ್ಬರ ಹೆಸರು. ಇದಕ್ಕೆ ನಮ್ಮ ಕಡೆ ‘ಘೋಸ್ಟ್’ ಬರವಣಿಗೆ ಅನ್ನುತ್ತಾರೆ. ಬದುಕಿದ್ದಾಗಲೇ ದೆವ್ವ ಆಗುವುದು. ನಮ್ಮ ಅವ್ವ ದಿನಾಲೂ ಟೀವಿ ಮುಂದೆ ಕುಳಿತು ಹೆಸರು ಹುಡುಕುತ್ತಿದ್ದಳು. ಓದಲು ಬಾರದ ಅವಳಿಗೆ ನನ್ನ ಹೆಸರಿನ ಮೂರು ಅಕ್ಷರ ಮಾತ್ರ ಗುರುತು ಹಿಡಿಯಲು ಬರುತ್ತಿತ್ತು. “ಇವತ್ತೂ ಬರಲಿಲ್ಲ ನೋಡು” ಅಂತ ಫೋನಿನಲ್ಲಿ ಹೇಳುತ್ತಿದ್ದಳು. ಕಂತಿಗೆ ಇಷ್ಟು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡ ಹಣದಲ್ಲಿ ಕೊನೆಯ ಎರಡು ತಿಂಗಳದ್ದು ಬರಲೇ ಇಲ್ಲ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಇಂಥದು ಅಲ್ಲೊಂದರಲ್ಲೇ ನಡೆಯುವುದೂ ಅಲ್ಲ.

ಆಗ ನನಗಿಂತ ಮುಂಚಿನವರು ಹೇಗೆ ಬದುಕಿದರು ಅಂತ ಹುಡುಕಿ ಹುಡುಕಿ ಓದತೊಡಗಿದೆ.

ತ್ರಿವೇಣಿಯವರನ್ನು ಇಲ್ಲಿನ ತಾಯಂದಿರು ಓದಿರುತ್ತೀರಿ. ಓದದಿದ್ದರೂ ಕಲ್ಪನಾ ನಟಿಸಿದ ‘ಶರಪಂಜರ’ ನೋಡಿರುತ್ತೀರಿ. ತ್ರಿವೇಣಿ ಅಂದರೆ ಮೈಸೂರಿನ ಅನಸೂಯಾ ಶಂಕರ್. ಹುಟ್ಟಿದ್ದು 1928, ತೀರಿಕೊಂಡದ್ದು 1963ರಲ್ಲಿ, ಇನ್ನೂ 35 ತುಂಬುವ ಮೊದಲೇ. ಪುಟ್ಟಣ್ಣ ಕಣಗಾಲ್ ಅವರು ‘ಬೆಳ್ಳಿಮೋಡ’ ತೆರೆಗೆ ತಂದದ್ದು 1967ರಲ್ಲಿ. ಆಮೇಲೆ ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಬಂದವು. ತನ್ನ ಕಾದಂಬರಿ ಕನ್ನಡದ ತೆರೆಯ ಮೇಲೆ ಮೂಡಿದ್ದನ್ನು ಆ ತಾಯಿ ನೋಡಲೇ ಇಲ್ಲ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಯ ಹಕ್ಕು ಮನೆಯವರಿಗಿರುತ್ತದೆ ಅಂತ ನಮ್ಮ ದೇಶದ ಕಾನೂನು. ಆ ಲೆಕ್ಕದಲ್ಲಿ 2023ರ ಡಿಸೆಂಬರಿಗೆ ತ್ರಿವೇಣಿಯವರು ಪ್ರಕಟಿಸಿದ ಕಾದಂಬರಿಗಳ ಹಕ್ಕಿನ ಅವಧಿ ಮುಗಿಯಿತು. ಈಗ ಅವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಸಿನಿಮಾ ಮಾಡಬಹುದು. ಮೂವತ್ನಾಲ್ಕು ವರ್ಷ ಬದುಕಿದವಳು ಕಟ್ಟಿಟ್ಟ ಬುತ್ತಿ ಅರವತ್ತು ವರ್ಷ ಬಾಳಿತು ಎಂದರೆ ಕತೆ ಅನ್ನುವುದು ಹೊಲ-ಮನೆಯಂಥದೇ ಆಸ್ತಿ. ಅದರ ಉತಾರ ತೆಗೆಸಿ ನೋಡುವ ರೂಢಿ ನಮ್ಮ ಹೆಣ್ಣುಮಕ್ಕಳಿಗಿಲ್ಲ, ಅಷ್ಟೇ.

ಎಂ.ಕೆ. ಇಂದಿರಾ ಅವರದು ಇನ್ನೊಂದು ಬಗೆ. ಮಲೆನಾಡಿನ ಹೆಣ್ಣುಮಗಳು, ಶಾಲೆ ಕಲಿತದ್ದು ಸ್ವಲ್ಪ, ಬರೆಯಲು ಕುಳಿತದ್ದು ನಲವತ್ತೈದರ ಆಸುಪಾಸಿನಲ್ಲಿ. ಮಕ್ಕಳೆಲ್ಲ ದೊಡ್ಡವರಾದರು, ಇನ್ನು ನನ್ನದೇನಿದೆ ಅಂತ ಕೂತಿರುವ ಅಕ್ಕಂದಿರು ಇದನ್ನು ಗಮನಿಸಬೇಕು. ‘ತುಂಗಭದ್ರಾ’ 1963ರಲ್ಲಿ ಬಂತು. ‘ಗೆಜ್ಜೆಪೂಜೆ’ 1969ರಲ್ಲಿ ಸಿನಿಮಾ ಆಯಿತು. ‘ಫಣಿಯಮ್ಮ’ 1976ರದು, ತಮ್ಮ ಮನೆತನದ ಹಿರಿಯ ಹೆಣ್ಣುಮಗಳೊಬ್ಬಳ, ಬಾಲ್ಯದಲ್ಲೇ ವಿಧವೆಯಾದವಳ, ನಿಜವಾದ ಬಾಳು. ಇಂದಿರಾ ಅದನ್ನು ಕೇಳಿದ್ದು ತಾಯಿಯ ಬಾಯಲ್ಲಿ. ಅದನ್ನು ಇಂಗ್ಲಿಷಿಗೆ ತಂದವರು ತೇಜಸ್ವಿನಿ ನಿರಂಜನ. ಸಿನಿಮಾ ಮಾಡಿದವರು ಪ್ರೇಮಾ ಕಾರಂತ. ತಾಯಿಯಿಂದ ಮಗಳಿಗೆ, ಮಗಳಿಂದ ಪುಸ್ತಕಕ್ಕೆ, ಪುಸ್ತಕದಿಂದ ತೆರೆಗೆ, ಒಂದು ಕತೆ ಹೆಂಗಸರ ಕೈಯಿಂದ ಕೈಗೆ ಹೀಗೆ ದಾಟಿದ್ದು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಪ್ರೇಮಾ ಕಾರಂತರನ್ನು ಬಹಳ ಜನ ಬಿ.ವಿ. ಕಾರಂತರ ಹೆಂಡತಿ ಅಂತ ನೆನೆಯುತ್ತಾರೆ. ಅವರು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಟೀಚರ್, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತಾವೂ ಕಲಿತವರು, ಬೆಂಗಳೂರಿನಲ್ಲಿ ಮಕ್ಕಳ ನಾಟಕ ಕಟ್ಟಿದವರು, ಸಿನಿಮಾಗಳಿಗೆ ವಸ್ತ್ರವಿನ್ಯಾಸ ಮಾಡಿದವರು. ಇಷ್ಟೆಲ್ಲ ಆದ ಮೇಲೆ ‘ಫಣಿಯಮ್ಮ’ ನಿರ್ದೇಶಿಸಿದರು. ಕನ್ನಡದ ಶ್ರೇಷ್ಠ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿಯೂ ಬಂತು. ವಸ್ತ್ರವಿನ್ಯಾಸವನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಆ ಬಾಗಿಲಿನಿಂದಲೂ ನಿರ್ದೇಶಕರ ಕುರ್ಚಿಗೆ ದಾರಿ ಇದೆ.

ಇನ್ನು ನಮ್ಮ ಹತ್ತಿರದವರೊಬ್ಬರು. ಹುಬ್ಬಳ್ಳಿಗೆ ಅಂಟಿಕೊಂಡ ಅದರಗುಂಚಿ ನಿಮಗೆ ಗೊತ್ತು. ಅಲ್ಲಿ 1914ರಲ್ಲಿ ಹುಟ್ಟಿದ ರಾಜಮ್ಮ ಎಂಬ ಹುಡುಗಿ ಶಾಂತಾ ಹುಬಳೀಕರ ಆಗಿ 1939ರಲ್ಲಿ ವಿ. ಶಾಂತಾರಾಮರ ‘ಮಾಣೂಸ್’ ಚಿತ್ರದ ನಾಯಕಿಯಾದರು. ಹಿಂದಿಯಲ್ಲಿ ಅದೇ ‘ಆದ್ಮಿ’. ಅದರಲ್ಲಿ ಅವರು ಹಾಡಿದ ಹಾಡು ಮರಾಠಿ ಮನೆಗಳಲ್ಲಿ ಇವತ್ತಿಗೂ ಬದುಕಿದೆ. ಇಲ್ಲಿ ಮರಾಠಿ ಮಾತನಾಡುವ ಅಜ್ಜಿಯರು ಯಾರಾದರೂ ಇದ್ದರೆ ಈಗಲೇ ಗುನುಗಿಯಾರು. ಅಷ್ಟು ಮೆರೆದ ನಟಿ ಕೊನೆಗಾಲ ಕಳೆದದ್ದು ವೃದ್ಧಾಶ್ರಮದಲ್ಲಿ. ಆತ್ಮಕತೆ ಬರೆದು 1992ರಲ್ಲಿ ತೀರಿಕೊಂಡರು. ನಟಿಯ ದುಡಿಮೆಯ ವರ್ಷ ಕಡಿಮೆ. ಆ ವರ್ಷಗಳ ಹಣ ಯಾರ ಹೆಸರಿನಲ್ಲಿ ಜಮಾ ಆಗುತ್ತದೆ ಅನ್ನುವುದರ ಮೇಲೆ ಉಳಿದ ಬಾಳು ನಿಂತಿರುತ್ತದೆ. ಇದಕ್ಕೆ ಎದುರಾಗಿ ಭಾರ್ಗವಿ ನಾರಾಯಣ ಅವರನ್ನು ನೋಡಿ. ಇ.ಎಸ್.ಐ. ನಿಗಮದಲ್ಲಿ ನೌಕರಿ ಮಾಡುತ್ತಲೇ ರಂಗಭೂಮಿ, ಸಿನಿಮಾ, ಧಾರಾವಾಹಿ ಎಲ್ಲದರಲ್ಲೂ ನಟಿಸಿದರು. ತಿಂಗಳ ಸಂಬಳ ಇದ್ದವಳಿಗೆ ಬೇಡವಾದ ಪಾತ್ರಕ್ಕೆ ‘ಒಲ್ಲೆ’ ಅನ್ನುವ ಧೈರ್ಯ ಇರುತ್ತದೆ ಅಂತ ನನ್ನ ಅನಿಸಿಕೆ.

ಹೆಸರಿಗಾಗಿ ನೇರವಾಗಿ ಹೋರಾಡಿದವರು ಸಾರಾ ಅಬೂಬಕರ್. ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ ಮುಸ್ಲಿಂ ಹೆಣ್ಣುಮಗಳು. ಅವರ ‘ಚಂದ್ರಗಿರಿಯ ತೀರದಲ್ಲಿ’ ಎಂಬತ್ತರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ‘ಬ್ಯಾರಿ’ ಎಂಬ ಚಿತ್ರ 2011ನೇ ಸಾಲಿನ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡಿತು. ಅದು ತಮ್ಮ ಕಾದಂಬರಿಯನ್ನೇ ಆಧರಿಸಿದ್ದು, ತಮ್ಮನ್ನು ಕೇಳಿಲ್ಲ ಅಂತ ಸಾರಾ ಕೋರ್ಟಿಗೆ ಹೋದರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. “ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು?” ಅಂತ ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಮಂಗಳೂರಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ನನ್ನ ಮಟ್ಟಿಗೆ ಅದು ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಪೇಪರಿನಲ್ಲಿ ಓದಿದ್ದೀರಿ. ಅವರ ಕತೆಯಿಂದಲೇ ಹಿಂದೆ ಗಿರೀಶ ಕಾಸರವಳ್ಳಿ ‘ಹಸೀನಾ’ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಬೂಕರ್‌ನಲ್ಲಿ ನನಗೆ ಹಿಡಿಸಿದ್ದು ಹಣದ ಲೆಕ್ಕ. 50,000 ಪೌಂಡಿನಲ್ಲಿ ಅರ್ಧ ಬರೆದವರಿಗೆ, ಅರ್ಧ ಅನುವಾದ ಮಾಡಿದ ಮಡಿಕೇರಿಯ ದೀಪಾ ಭಾಸ್ತಿಯವರಿಗೆ. ಅನುವಾದ ಮಾಡಿದವರ ಹೆಸರು ಒಳಪುಟದಲ್ಲಿ ಇರುವೆ ಗಾತ್ರದಲ್ಲಿ ಹಾಕುವ ಕಾಲ ಇದ್ದದ್ದನ್ನು ನೆನೆದರೆ, ಇದು ನ್ಯಾಯ.

ಈಗ ಸ್ವಲ್ಪ ಕಾನೂನಿನ ಮಾತು. ಮಕ್ಕಳು ಆಕಳಿಸಿದರೂ ಸರಿ, ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕತೆಯ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಅಂತಲೇ ಅರ್ಥ. ಹಕ್ಕು ಮಾರಿದ ಮೇಲೂ “ಇದು ನಾನು ಬರೆದದ್ದು” ಅಂತ ಹೇಳಿಕೊಳ್ಳುವ ಅಧಿಕಾರ ಬರೆದವಳಿಗೆ ಉಳಿದೇ ಇರುತ್ತದೆ. ಇಷ್ಟು ತಿಳಿದ ಮೇಲೆ ನಾನು ಕಾಗದ ನೋಡದೆ ಒಂದು ದೃಶ್ಯವನ್ನೂ ಬರೆದಿಲ್ಲ. ಮೊದಮೊದಲು “ಈಕೆ ಬಹಳ ಜೋರು” ಅಂದರು. ಈಗ ಕರಾರು ಮೊದಲೇ ಕಳಿಸುತ್ತಾರೆ. ಈಗಿನ ಧಾರಾವಾಹಿಯಲ್ಲಿ ಹೆಸರು ಬರುತ್ತದೆ. ಅವ್ವ ಅದನ್ನು ಎರಡು ವರ್ಷ ನೋಡಿ ಹೋದಳು.

ಇಲ್ಲಿ ಕುಳಿತ ತಂದೆ-ತಾಯಂದಿರ ಮನಸ್ಸಿನಲ್ಲಿ ಇರುವ ಭಯವೂ ನನಗೆ ಗೊತ್ತು. ಆ ಭಯ ಸುಳ್ಳಲ್ಲ. ಕೇರಳದಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂದಾಗ ಅಲ್ಲಿನ ಚಿತ್ರರಂಗದ ಹೆಣ್ಣುಮಕ್ಕಳು ಏನು ಅನುಭವಿಸಿದ್ದಾರೆ ಅಂತ ಎಲ್ಲರಿಗೂ ತಿಳಿಯಿತು. ಅದರ ಬೆನ್ನಿಗೇ ಕವಿತಾ ಲಂಕೇಶ್ ಮೊದಲಾದವರಿರುವ ‘ಫೈರ್’ ಎಂಬ ಸಂಘಟನೆ ಕರ್ನಾಟಕದಲ್ಲೂ ಅಂಥ ಸಮಿತಿ ಬೇಕು ಅಂತ ನಮ್ಮ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟಿತು. ಹತ್ತು ಜನ ಕೆಲಸ ಮಾಡುವ ಎಲ್ಲ ಕಡೆಯೂ ದೂರು ಸಮಿತಿ ಇರಬೇಕು ಎಂಬ ಕಾನೂನು 2013ರಿಂದಲೇ ಇದೆ. ಮಗಳನ್ನು ಕಳಿಸುವ ಮೊದಲು “ಸಮಿತಿ ಯಾರದು, ರಾತ್ರಿ ಶೂಟಿಂಗ್ ಮುಗಿದರೆ ಮನೆಗೆ ಬಿಡುವವರು ಯಾರು?” ಅಂತ ಕೇಳಿ. ಬೇಡ ಅಂತ ಬಾಗಿಲು ಹಾಕುವುದಕ್ಕಿಂತ ಹೀಗೆ ಕೇಳುವುದು ಒಳ್ಳೆಯದು. ಹತ್ತಿಪ್ಪತ್ತು ಮನೆಯವರು ಕೇಳತೊಡಗಿದರೆ ಉತ್ತರ ಇಟ್ಟುಕೊಳ್ಳಲೇಬೇಕಾಗುತ್ತದೆ.

ನಮ್ಮ ಭಾಷೆ ಹಳ್ಳಿಯದು, ಅಲ್ಲಿ ನಡೆಯುವುದಿಲ್ಲ ಅಂತ ಕೆಲವು ಹುಡುಗಿಯರು ನನಗೆ ಹೇಳಿದರು. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ‘ಮೂಡಲಮನೆ’ ಧಾರಾವಾಹಿ ಇಡೀ ಉತ್ತರ ಕರ್ನಾಟಕದ ಮಾತಿನಲ್ಲೇ ಬಂತು, ಬೆಂಗಳೂರು-ಮೈಸೂರಿನವರೂ ಕುಳಿತು ನೋಡಿದರು. ನಮ್ಮ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳಾದ ಗಿರಿಜಾ ಸಿದ್ದಿ, ಗೀತಾ ಸಿದ್ದಿ 2021ರ ‘ಸಲಗ’ ಚಿತ್ರಕ್ಕೆ ಹಾಡಿದ್ದನ್ನು ಊರೂರ ಮಕ್ಕಳು ಕುಣಿದು ಕುಣಿದು ಹಳೆಯದು ಮಾಡಿದರು. ದಾಂಡೇಲಿಯ ಸುತ್ತ ನಾವು ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲ ಒಟ್ಟಿಗೆ ಕೇಳುತ್ತ ಬೆಳೆದವರು. ಯಾವ ಪಾತ್ರ ಯಾವ ಮಾತಿಗೆ ತಡವರಿಸುತ್ತದೆ ಅಂತ ನನಗೆ ಸಂತೆಯಲ್ಲೇ ತಿಳಿದದ್ದು, ಯಾವ ಕೋರ್ಸಿನಲ್ಲೂ ಅಲ್ಲ.

ಕೋರ್ಸು ಬೇಕೆನ್ನುವವರಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಇದೆ, 1980ರಿಂದ ನಡೆಯುತ್ತಿದೆ, ನಮಗೆ ದೂರವೂ ಅಲ್ಲ. ಕ್ಯಾಮೆರಾ, ಧ್ವನಿಗ್ರಹಣ ಕಲಿಯಬೇಕೆಂದರೆ ಬೆಂಗಳೂರಿನ ಹೆಸರಘಟ್ಟದಲ್ಲಿ ಸರಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಕ್ಯಾಮೆರಾ ಹುಡುಗರದು ಅಂತ ಯಾರಾದರೂ ಅಂದರೆ ‘ಕಿತ್ತೂರು ಚೆನ್ನಮ್ಮ’ ಚಿತ್ರ ಮಾಡಿದ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಎಂಬತ್ತರ ದಶಕದಲ್ಲೇ ತಮಿಳು ಚಿತ್ರಗಳಿಗೆ ಛಾಯಾಗ್ರಾಹಕಿಯಾಗಿದ್ದರು ಅಂತ ಹೇಳಿ.

ಊಟಕ್ಕೆ ಕರೆ ಬಂದಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರಲ್ಲಿ ಕತೆ, ಕವಿತೆ, ನಾಟಕ ಏನಾದರೂ ಬರೆದವರಿದ್ದರೆ ಮಧ್ಯಾಹ್ನ ಗ್ರಂಥಾಲಯದ ಕೋಣೆಗೆ ತನ್ನಿ, ಕುಳಿತು ಓದೋಣ. ತರುವ ಮೊದಲು ಪ್ರತಿ ಹಾಳೆಯ ಮೇಲೂ ನಿಮ್ಮ ಹೆಸರು, ತಾರೀಖು ಬರೆದಿರಿ.