ಈ-ಮೇಲ್ ಮೂಲಕ ಇಂಗ್ಲಿಷ್ ಬರವಣಿಗೆ: ನಮ್ಮ ಮಕ್ಕಳಿಗೊಂದು ದಾರಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಇಂಗ್ಲಿಷ್ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ನಮ್ಮನ್ನೂ ನೆನಪಿಟ್ಟು ಕರೆದಿದ್ದೀರಿ. ನಾವು ಸಹಕಾರಿ ಧುರೀಣರಲ್ಲ, ಸೀಮೆಸುಣ್ಣ ಹಿಡಿದವರು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವರು. ಕೆಲವರು ನಿವೃತ್ತರಾಗಿದ್ದೇವೆ, ಕೆಲವರು ಇನ್ನೂ ಕೆಲಸದಲ್ಲಿದ್ದೇವೆ. "ಮಕ್ಕಳ ಕಲಿಕೆ ಬಗ್ಗೆ ನಾಕು ಮಾತು ಹೇಳ್ರಿ" ಎಂದು ತಾವು ಅಪ್ಪಣೆ ಮಾಡಿದ್ದೀರಿ. ನಾವು ಕೆಲವರು ಸೇರಿ ಈ-ಮೇಲ್ ಮೂಲಕ ಮಕ್ಕಳಿಗೆ ಇಂಗ್ಲಿಷ್ ಬರವಣಿಗೆ ಮತ್ತು ವ್ಯಾಕರಣ ಕಲಿಸುತ್ತಿದ್ದೇವೆ. ಅದರ ವಿಚಾರವನ್ನೇ ತಮ್ಮ ಮುಂದೆ ಇಡುತ್ತೇವೆ.

ಮೊದಲು ಕಷ್ಟ ಎಲ್ಲಿದೆ ಎಂಬುದನ್ನು ನೋಡೋಣ. ಹಿಂದೆ ನಮ್ಮ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಗೆ ಬಂದ ಮೇಲೆ ಇಂಗ್ಲಿಷ್ ಶುರುವಾಗುತ್ತಿತ್ತು. 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಅದು ಒಂದು ವಿಷಯವಾಗಿದೆ. ಅಂದರೆ ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಪಾಠ ಓದುತ್ತದೆ, ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸುತ್ತದೆ. ಆದರೆ "ನಿಮ್ಮ ತಂದೆಯವರ ಬೆಳೆಸಾಲದ ಬಗ್ಗೆ ಕೇಳಿ ಬ್ಯಾಂಕಿನ ಮ್ಯಾನೇಜರರಿಗೆ ನಾಕು ಸಾಲು ಸ್ವಂತ ಬರಿ" ಅಂದರೆ ಪೆನ್ನು ನಿಂತುಬಿಡುತ್ತದೆ. ಇದರಲ್ಲಿ ಮಗುವಿನ ದೋಷವಿಲ್ಲ. ಕೇಳೋದು ಕೇಳಿದರೆ ಬರತೈತಿ, ಓದೋದು ಓದಿದರೆ ಬರತೈತಿ. ಬರೆಯೋದು ಮಾತ್ರ, ಬರೆದದ್ದನ್ನು ಒಬ್ಬರು ತಿದ್ದಿ, ಅದನ್ನು ಮತ್ತೆ ಬರೆದಾಗ ಬರತೈತಿ. ಐವತ್ತು ಮಕ್ಕಳ ವರ್ಗದಲ್ಲಿ ನಲವತ್ತು ನಿಮಿಷದ ತಾಸಿನೊಳಗೆ ಐವತ್ತು ನೋಟಬುಕ್ ತಿದ್ದಲು ಯಾವ ಗುರುಗಳಿಗೂ ಸಾಧ್ಯವಿಲ್ಲ.

ಇದರ ಪೆಟ್ಟು ಬೀಳುವುದು ಎಸ್.ಎಸ್.ಎಲ್.ಸಿ. ಆದ ಮೇಲೆ. ಕನ್ನಡದಲ್ಲಿ ಗಣಿತ, ವಿಜ್ಞಾನ ಚೆನ್ನಾಗಿ ಬಲ್ಲ ಹುಡುಗಿ ಪಿಯುಸಿ ವಿಜ್ಞಾನಕ್ಕೋ ಡಿಪ್ಲೊಮಾಕ್ಕೋ ಸೇರುತ್ತಾಳೆ. ಅಲ್ಲಿ ಪುಸ್ತಕ ಹೆಚ್ಚಾಗಿ ಇಂಗ್ಲಿಷ್, ಉತ್ತರಪತ್ರಿಕೆಯೂ ಹೆಚ್ಚಾಗಿ ಇಂಗ್ಲಿಷ್. ವಿಷಯ ತಿಳಿದಿದೆ, ಬರೆಯಲು ವಾಕ್ಯ ಬರುವುದಿಲ್ಲ. ಮೂರು ತಿಂಗಳು ನೋಡಿ, "ನನಗ ಇದು ಆಗೂದಿಲ್ಲ" ಎಂದು ಬಿಟ್ಟು ಬರುತ್ತಾಳೆ. ಬುದ್ಧಿ ಕಡಿಮೆಯಾಗಿ ಬಿಟ್ಟವಳಲ್ಲ, ಭಾಷೆ ಅಡ್ಡ ಬಂದು ಬಿಟ್ಟವಳು. ಇಂಥ ಮಕ್ಕಳನ್ನು ನಾವು ಪ್ರತಿ ವರ್ಷ ಕಾಣುತ್ತೇವೆ.

ನಮ್ಮ ನೆಲಕ್ಕೆ ಇಂಗ್ಲಿಷ್ ಒಗ್ಗುವುದಿಲ್ಲ ಎಂದು ಯಾರೂ ತಿಳಿಯಬಾರದು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಸವಣೂರಿನಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋಗಿ ಬಂದು ಇಂಗ್ಲಿಷ್ ಪ್ರಾಧ್ಯಾಪಕರಾದರು. ಹೈದರಾಬಾದಿನಲ್ಲಿ 1958ರಲ್ಲಿ ಶುರುವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿ, ದೇಶದ ಇಂಗ್ಲಿಷ್ ಶಿಕ್ಷಕರಿಗೆ ಕಲಿಸುವುದನ್ನು ಕಲಿಸಿದರು. ಅದೇ ಗೋಕಾಕರು ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟರು. 1990ರ ಜ್ಞಾನಪೀಠ ಬಂದದ್ದು ಅವರ ಕನ್ನಡ ಕಾವ್ಯಕ್ಕೆ. ಇಂಗ್ಲಿಷ್ ಕಲಿತರೆ ಕನ್ನಡ ಹೋಗುತ್ತದೆ ಎನ್ನುವವರಿಗೂ, ಕನ್ನಡ ಬಿಟ್ಟರೇ ಇಂಗ್ಲಿಷ್ ಬರುತ್ತದೆ ಎನ್ನುವವರಿಗೂ ಸವಣೂರಿನ ಈ ಹಿರಿಯರೇ ಉತ್ತರ.

ದೂರದಿಂದ ಬರವಣಿಗೆ ಕಲಿಸುವುದೂ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಅಂಚೆ ದರ ಇಳಿದಾಗ ಐಸಾಕ್ ಪಿಟ್ಮನ್ ಎಂಬವರು ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಿದರು. ಕಲಿಯುವವರು ಬರೆದು ಕಳಿಸೋದು, ಅವರು ತಿದ್ದಿ ವಾಪಸ್ ಕಳಿಸೋದು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ತಂದಿತು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದ ಮೇಲೆ ಅಂಚೆಯ ಪತ್ರವೇ ಈ-ಮೇಲ್ ಆಯಿತು. ಅಂಚೆಯಲ್ಲಿ ವಾರ ಹಿಡಿಯುತ್ತಿದ್ದ ಕೆಲಸ ಈಗ ನಿಮಿಷದ್ದು.

"ಫೋನಿನ್ಯಾಗ ಮುಖಾ ನೋಡಕೋತ ಪಾಠ ಮಾಡಬಹುದಲ್ರಿ, ಈ-ಮೇಲ್ ಯಾಕ?" ಎಂದು ಕೇಳುತ್ತೀರಿ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಂದನ ಟಿ.ವಿ.ಯಲ್ಲಿ ಪಾಠ ಬಂತು, ಫೋನಿನಲ್ಲಿ ಪಾಠ ಬಂತು, ವಿದ್ಯಾಗಮದಲ್ಲಿ ಗುರುಗಳು ಓಣಿ ಓಣಿಗೆ ಬಂದರು. ಆಗ ಎಲ್ಲರೂ ಕಂಡ ಮಾತು ಒಂದಿದೆ. ಮನೆಗೆ ಒಂದೇ ಫೋನು, ಅದು ಅಪ್ಪನ ಕಿಸೆಯಲ್ಲಿ. ಅಪ್ಪ ಹೊಲದಿಂದ ಬರುವುದು ಸಂಜೆ. ಬಂದ ಫೋನು ಮೊದಲು ಮಗನ ಕೈಗೆ, ಆಮೇಲೆ ಮಗಳ ಕೈಗೆ. ಅಷ್ಟರಲ್ಲಿ ಪಾಠ ಮುಗಿದಿರುತ್ತದೆ. ಈ-ಮೇಲ್ ಹಾಗಲ್ಲ. ಮಗಳು ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ತೆರೆದರೂ ಪತ್ರ ಅಲ್ಲೇ ಕಾದು ಕೂತಿರುತ್ತದೆ. ನೆಟ್‌ವರ್ಕ್ ಸಿಕ್ಕ ಹತ್ತು ನಿಮಿಷ ಸಾಕು. ಇದಲ್ಲದೆ ಪತ್ರದಲ್ಲಿ ಮಾತಾಡಿ ಪಾರಾಗಲು ಬರುವುದಿಲ್ಲ, ಬರೆಯಲೇಬೇಕು. ನಮಗೆ ಬೇಕಾದದ್ದೂ ಅದೇ.

ಕ್ರಮ ಹೀಗಿದೆ. ಮಗು ವಾರಕ್ಕೊಂದು ಪುಟ ಸ್ವಂತ ಕೈಯಲ್ಲಿ ಬರೆಯುತ್ತದೆ. ವಿಷಯ ನಮ್ಮೂರಿನದು: ಕಾರಹುಣ್ಣಿಮೆ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದದ್ದು, ಹಾನಗಲ್ಲಿನ ತಾರಕೇಶ್ವರ ಗುಡಿ, ಸವಣೂರಿನ ದೊಡ್ಡಹುಣಸೆ ಮರ, ಹಿರೇಕೆರೂರಿನ ಸಂತೆ. ಆ ಪುಟದ ಫೋಟೊ ತೆಗೆದು ಈ-ಮೇಲಿನಲ್ಲಿ ಕಳಿಸುವುದು. ನಾವು ತಪ್ಪನ್ನು ಸರಿಮಾಡಿ ಕೊಡುವುದಿಲ್ಲ. ಕೆಳಗೆ ಗೆರೆ ಎಳೆದು, ಎಂಥ ತಪ್ಪು ಎಂದು ಕನ್ನಡದಲ್ಲಿ ಸೂಚಿಸುತ್ತೇವೆ. ಒಂದು ಪತ್ರಕ್ಕೆ ಎರಡು ಬಗೆಯ ತಪ್ಪು ಮಾತ್ರ ತೋರಿಸುತ್ತೇವೆ. ಪುಟವೆಲ್ಲ ಕೆಂಪಾದರೆ ಮಗು ಮತ್ತೆ ಬರೆಯುವುದಿಲ್ಲ. ಮಗು ತಾನೇ ತಿದ್ದಿ ಮತ್ತೆ ಬರೆದು ಕಳಿಸುತ್ತದೆ. ಮೂರನೆಯ ಸಲ ಅದನ್ನೇ ಟೈಪು ಮಾಡಿ, ಮೇಲೆ ವಿಷಯದ ಸಾಲು ಹಾಕಿ, ಗೌರವದಿಂದ ಆರಂಭಿಸಿ, ಹೆಸರು ಬರೆದು ಮುಗಿಸುತ್ತದೆ. ಆಗಿನ ತಪ್ಪು ಒಂದು ವಹಿಯಲ್ಲಿ ಜಮಾ ಆಗಬೇಕು. ನಿಮ್ಮ ಖಾತೆ ಪುಸ್ತಕ ಇದ್ದ ಹಾಗೇ.

ವ್ಯಾಕರಣವನ್ನು ನಾವು ಕನ್ನಡದ ಮೂಲಕವೇ ಹೇಳುತ್ತೇವೆ. "ನಾನು ಹೊಲಕ್ಕೆ ಹೋದೆ" ಅಂದಾಗ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ: "ಐ ವೆಂಟ್ ಟು ದ ಫೀಲ್ಡ್". ನಮ್ಮ 'ಕ್ಕೆ' ಹೊಲದ ಹಿಂದೆ ಅಂಟುತ್ತದೆ, ಅವರ 'ಟು' ಹೊಲದ ಮುಂದೆ ನಿಲ್ಲುತ್ತದೆ. "ನಮಗೆ ಎರಡು ಎಮ್ಮೆ ಇವೆ" ಎಂಬುದನ್ನು ಮಕ್ಕಳು "ಟು ಅಸ್ ಟೂ ಬಫೆಲೋಸ್ ಆರ್" ಎಂದು ಬರೆಯುತ್ತಾರೆ. ಕನ್ನಡದಲ್ಲಿ ಎಮ್ಮೆ ಇರುತ್ತದೆ, ಇಂಗ್ಲಿಷಿನಲ್ಲಿ ಎಮ್ಮೆಯನ್ನು ನಾವು ಹೊಂದಿರುತ್ತೇವೆ: "ವಿ ಹ್ಯಾವ್ ಟೂ ಬಫೆಲೋಸ್". ಹೀಗೆ ಹೇಳಿದರೆ ಮಗು ಥಟ್ಟನೆ ಹಿಡಿಯುತ್ತದೆ.

ಇನ್ನೊಂದು ನೋಡ್ರಿ. "ಐ ಡಿಡ್ ನಾಟ್ ವೆಂಟ್" ಎಂಬ ತಪ್ಪು ಎಲ್ಲ ಶಾಲೆಯಲ್ಲೂ ಇದೆ. ನಾವು ಕೇಳುತ್ತೇವೆ: "ಹೋಗಲಿಲ್ಲ ಅಂತೀಯೋ, ಹೋದಲಿಲ್ಲ ಅಂತೀಯೋ?" ಮಗು ನಕ್ಕು "ಹೋಗಲಿಲ್ಲ" ಎನ್ನುತ್ತದೆ. ಹಾಗಾದರೆ ಅಲ್ಲಿಯೂ "ಡಿಡ್ ನಾಟ್ ಗೋ". ಆ ನಿಯಮ ಅದರ ಬಾಯಲ್ಲಿ ಮೊದಲೇ ಇತ್ತು. ಹಾದಿಯಲ್ಲಿ ಮೊದಲ ಸಲ ಕಂಡ ನಾಯಿ "ಎ ಡಾಗ್", ಅದೇ ನಾಯಿ ಬೊಗಳಿದರೆ "ದ ಡಾಗ್". ಹೋಗ್ತೇನೆ, ಹೋಗ್ತೀ, ಹೋಗ್ತಾನೆ, ಹೋಗ್ತಾಳೆ ಎಂದು ಇಷ್ಟು ರೂಪ ತಪ್ಪದೆ ಆಡುವ ಮಗುವಿಗೆ, "ಹಿ ಗೋಸ್" ಎಂಬಲ್ಲಿ ಒಂದೇ ಒಂದು ಬಾಲ ಸೇರಿಸುವುದು ಯಾವ ಲೆಕ್ಕ? ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದಿಲ್ಲ, ಆದ್ದರಿಂದ ಮಕ್ಕಳು ತಮ್ಮ ಊರ ಹೆಸರನ್ನೂ ಚಿಕ್ಕಕ್ಷರದಿಂದ ಬರೆಯುತ್ತಾರೆ. "ನಿನ್ನ ಊರು ದೊಡ್ಡದಪ್ಪಾ, ದೊಡ್ಡಕ್ಷರ ಹಾಕು" ಅಂದರೆ ಮತ್ತೆ ಮರೆಯುವುದಿಲ್ಲ.

ಈಗೊಂದು ಪ್ರಶ್ನೆ ಎಲ್ಲ ಕಡೆ ಬರುತ್ತದೆ. "ಈಗ ಫೋನೇ ಎಲ್ಲಾ ಬರದ ಕೊಡತೈತಿ, ಕಲಿಯೂದು ಯಾಕ?" ನಿಜ, ಯಂತ್ರ ತಪ್ಪಿಲ್ಲದ ಪತ್ರ ಬರೆದು ಕೊಡುತ್ತದೆ. ಆದರೆ ಅದು ಬರೆದದ್ದು ನಾವು ಹೇಳಬೇಕೆಂದದ್ದೇ ಹೌದೋ ಅಲ್ಲವೋ ಎಂದು ನೋಡುವವರು ಯಾರು? ಓದಿ ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ನಮ್ಮ ಹಿರಿಯರು ಸಾಹುಕಾರರ ಕೈಯಲ್ಲಿ ಹೊಲ ಕಳೆದುಕೊಂಡರು. ಸಹಕಾರಿ ಸಂಘಗಳು ಹುಟ್ಟಿದ್ದೇ ಆ ಸಂಕಟದಿಂದ. ಯಂತ್ರದ ಪತ್ರಕ್ಕೆ ತಿಳಿಯದೆ ಹೆಸರು ಹಾಕುವುದೂ ಹೊಸ ಕಾಲದ ಹೆಬ್ಬೆಟ್ಟೇ. ಅದಕ್ಕೇ ನಮ್ಮಲ್ಲಿ ಮೊದಲ ಪ್ರತಿ ಕೈಬರಹದ್ದು ಎಂಬ ಕಟ್ಟುನಿಟ್ಟು.

ಕೊನೆಗೆ ಸಂಘದ ಮುಂದೆ ಮೂರು ಬಿನ್ನಹ. ಒಂದು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಹೀಗೆ ಸಂಘಗಳಿಗೆ ಕಂಪ್ಯೂಟರ್ ಬರುತ್ತಿವೆ. ಲೆಕ್ಕಪತ್ರದ ಯಂತ್ರವನ್ನು ಮಕ್ಕಳ ಕೈಗೆ ಕೊಡಿ ಎಂದು ನಾವು ಕೇಳುವುದಿಲ್ಲ, ಕೊಡಲೂಬಾರದು. ಲಾಭದಲ್ಲಿ ಜನರ ಹಿತಕ್ಕೆ ತೆಗೆದಿಡುವ ಹಣದಿಂದ ಮಕ್ಕಳಿಗಾಗಿ ಬೇರೆ ಒಂದು ಕಂಪ್ಯೂಟರ್ ಇಟ್ಟು, ಸಂಜೆ ಎರಡು ತಾಸು ಸಂಘದ ಕೋಣೆ ತೆರೆಯಿರಿ. ಎರಡು, ಅದರಲ್ಲಿ ಮೊದಲ ತಾಸು ಹೆಣ್ಣುಮಕ್ಕಳದು ಎಂದು ಠರಾವು ಮಾಡಿ. ಮೂರು, ಸಣ್ಣ ಮಕ್ಕಳ ಈ-ಮೇಲ್ ಖಾತೆ ತಂದೆ ಅಥವಾ ತಾಯಿಯ ಹೆಸರಿನಲ್ಲಿರಲಿ, ಬಂದ ಪತ್ರ ಹೋದ ಪತ್ರ ಮನೆಯವರು ನೋಡಲಿ. ತಿದ್ದುವ ಕೆಲಸ ನಮ್ಮದು, ಅದಕ್ಕೆ ಸಂಘದಿಂದ ಒಂದು ರೂಪಾಯಿ ಬೇಡ.

ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಒಬ್ಬೊಬ್ಬರ ಕೈಯಲ್ಲಿ ಆಗದ್ದು ಕೂಡಿದರೆ ಆಗುತ್ತದೆ ಎಂಬುದೇ ಅವರ ಬಂಡವಾಳ. ಒಬ್ಬ ತಂದೆಗೆ ಮಗಳಿಗೊಂದು ಕಂಪ್ಯೂಟರ್, ಒಬ್ಬ ಗುರು ಕೊಡಿಸುವುದು ಆಗದು. ನಾಲ್ಕು ನೂರು ಮನೆಯ ಸಂಘಕ್ಕೆ ಅದು ದೊಡ್ಡ ಮಾತಲ್ಲ. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಮೊದಲೇ ಈ ಕೋಣೆಯ ಬಾಗಿಲು ತೆರೆಯಲಿ ಎಂದು ಕೇಳಿಕೊಳ್ಳುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.