ಕಲ್ಯಾಣವೆಂಬ ಶಬ್ದ



ತುಮಕೂರು ಹೆದ್ದಾರಿಯಲ್ಲಿ ಯಶವಂತಪುರವನ್ನು ದಾಟಿ ಪೀಣ್ಯದ ಕಡೆಗೆ ಹೊರಟವರಿಗೆ ಕಾರ್ಖಾನೆಗಳ ನಡುನಡುವೆ ಕಲ್ಯಾಣಮಂಟಪವೆಂಬ ಫಲಕಗಳು ಕಾಣಸಿಗುವುವು. ವೈಟ್‌ಫೀಲ್ಡಿನಲ್ಲಿಯೂ ಹೀಗೆಯೇ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಬ್ಬಿಸಿದ ಎಲೆಕ್ಟ್ರಾನಿಕ್ ಸಿಟಿಯ ಸುತ್ತಲೂ ಹೀಗೆಯೇ. ಹಳೆಯ ಬೆಂಗಳೂರಿಗರು ಇಂತಹ ಕಟ್ಟಡವನ್ನು ಛತ್ರವೆನ್ನುವರು. ಬಾಡಿಗೆಯೆಷ್ಟು, ಗಾಡಿ ನಿಲ್ಲಿಸಲು ಜಾಗವುಂಟೇ ಎಂಬ ವಿಚಾರಣೆ ತೀರಿದೊಡನೆ ಫಲಕದ ಗೊಡವೆ ಯಾರಿಗೂ ಇರುವುದಿಲ್ಲ. ಆದರೆ ಶರಣಮಾರ್ಗದವರಿಗೆ ಇದು ಓದಿ ಮರೆಯತಕ್ಕ ಶಬ್ದವಲ್ಲ.

ಶಬ್ದವು ಸಂಸ್ಕೃತಮೂಲವಾದುದು. ಋಗ್ವೇದದ ಮೂರನೆಯ ಮಂಡಲದ ಒಂದು ಇಂದ್ರಸೂಕ್ತದಲ್ಲಿ ಇಂದ್ರನ ಪತ್ನಿಗೆ ಕಲ್ಯಾಣಿಯೆಂಬ ವಿಶೇಷಣವುಂಟು; ಅಲ್ಲಿ ಅದಕ್ಕೆ ಚೆಲುವೆ, ಶುಭಲಕ್ಷಣೆ ಎಂದಷ್ಟೇ ಅರ್ಥ. ಅಮರಕೋಶವು ಭದ್ರ, ಮಂಗಳ, ಶುಭ ಎಂಬವುಗಳ ಸಾಲಿನಲ್ಲಿ ಕಲ್ಯಾಣವನ್ನು ಎಣಿಸಿದೆ. ಶಿವ ಎಂಬ ಶಬ್ದವೂ ಅದೇ ಸಾಲಿನದು. ವಿವಾಹಕ್ಕೆ ಅಮರಸಿಂಹನು ಕೊಡುವ ಹೆಸರುಗಳು ಬೇರೆ: ಉಪಯಮ, ಪರಿಣಯ, ಉದ್ವಾಹ, ಪಾಣಿಪೀಡನ ಮುಂತಾದುವು. ಕಲ್ಯಾಣವು ಅವುಗಳಲ್ಲಿಲ್ಲ. ಕಲ್ಯವೆಂದರೆ ಪ್ರಾತಃಕಾಲ, ಆಗ ಉಚ್ಚರಿಸಲ್ಪಡುವುದೇ ಕಲ್ಯಾಣವೆಂದು ವ್ಯುತ್ಪತ್ತಿಕಾರರು ಬಿಡಿಸುವರು. ಚಮತ್ಕಾರವೇನೋ ಸರಿ; ಆದರೆ ಕಲ್ಯಕ್ಕೆ ನೀರೋಗಿಯೆಂಬ ಅರ್ಥವೂ ಇರುವುದರಿಂದ ಅಷ್ಟು ದೂರ ಹೋಗಬೇಕಾದುದಿಲ್ಲ. ಒಳಿತೆಂಬುದೇ ಮುಖ್ಯಾರ್ಥವೆಂದರೆ ಸಾಕು.

ಆ ಒಳಿತು ಮದುವೆಯಾದುದು ವಿಶೇಷವಾಗಿ ದಕ್ಷಿಣದೇಶದಲ್ಲಿ. ತಮಿಳರ ಮನೆಮಾತಿನಲ್ಲಿ ಕಲ್ಯಾಣಂ ಎಂದರೆ ಮದುವೆಯೇ. ಹೊಸೂರಿನ ಗಡಿಗೆ ಸಮೀಪವಾದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದೇ ಬೀದಿಯವರು ಮದುವೆ, ಪೆಳ್ಳಿ, ಕಲ್ಯಾಣಂ ಎಂದು ಮೂರು ಬಗೆಯಾಗಿ ಕರೆದು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವರು. ಕನ್ನಡದಲ್ಲಿ, ತುಳುವಿನ ಮದಿಮೆಗೆ ಒಡಹುಟ್ಟಾದ ಮದುವೆಯೆಂಬ ದೇಶ್ಯಪದವು ಮನೆಯೊಳಗೆ ಉಳಿಯಿತು. ದೇವರ ಮದುವೆಗೆ ಕಲ್ಯಾಣವೆಂಬ ಹೆಸರು ಸಂದಿತು. ಹರಿಹರನ ಚಂಪೂಕಾವ್ಯವು ಗಿರಿಜಾಕಲ್ಯಾಣ. ಹಂಪೆಯ ವಿಠ್ಠಲದೇವಾಲಯದ ಕಲ್ಯಾಣಮಂಟಪವೂ ದೇವರ ವಿವಾಹೋತ್ಸವಕ್ಕೆಂದು ಕಟ್ಟಿದುದು. ಆ ಹೆಸರು ಬಾಡಿಗೆಯ ಛತ್ರಕ್ಕೆ ಇಳಿದುದು ಈಚೆಗೆ. (ಸರ್ಕಾರದವರು ಸಂತಾನನಿಯಂತ್ರಣದ ಕಾರ್ಯಕ್ಕೆ ಕುಟುಂಬ ಕಲ್ಯಾಣವೆಂದು ಹೆಸರಿಟ್ಟುದನ್ನು ಕೇಳಿದ್ದರೆ ಅಮರಸಿಂಹನು ಏನೆನ್ನುತ್ತಿದ್ದನೋ!)

ಇನ್ನು ಊರಿನ ಹೆಸರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡನು. ಮುಂದಿನ ಶತಮಾನದಲ್ಲಿ, ಬಿಜ್ಜಳನ ಆಳಿಕೆಯಲ್ಲಿ, ಬಸವಣ್ಣನವರಿದ್ದ ಆ ಊರಿನಲ್ಲಿ ಶಬ್ದದ ಎರಡು ಅರ್ಥಗಳೂ ಒಂದೆಡೆ ಕೂಡಿದುವು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದು ಶರಣರಾದ ಮಧುವರಸರ ಮಗಳಿಗೂ ವಿವಾಹವಾಯಿತೆಂದು ಪರಂಪರೆಯು ಹೇಳುತ್ತದೆ. ಲಿಂಗವನ್ನು ಧರಿಸಿದವರಲ್ಲಿ ಪೂರ್ವದ ಜಾತಿ ಉಳಿಯದೆಂಬುದೇ ಅದಕ್ಕೆ ಆಧಾರ. ವರ್ಣಸಂಕರವಾಯಿತೆಂಬ ದೂರು ಅರಸನನ್ನು ಮುಟ್ಟಿತು. ತಂದೆಯರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು. ಶರಣರು ಚೆದರಿದರು, ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರು. ಜಾತಿ ಬೇರೆಯೆಂಬ ಕಾರಣದಿಂದ ಹಿಂದೂಗಳ ಮದುವೆಯು ಅಸಿಂಧುವಾಗದೆಂದು ದೇಶದ ಕಾಯಿದೆಯು ವಿಧಿಸಿದುದು ೧೯೪೯ರಲ್ಲಿ.

ಆ ಕಲ್ಯಾಣದ ಸೀಮೆಗೆ ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು. ಬೀದರ, ಕಲಬುರಗಿ, ರಾಯಚೂರುಗಳಿಂದ ದುಡಿಮೆಗಾಗಿ ಬಂದ ಕುಟುಂಬಗಳು ಪೀಣ್ಯದ ಸುತ್ತ ನೆಲೆಸಿವೆ. ಹುಡುಗನು ಲೇತ್ ಯಂತ್ರದ ಮುಂದೆ ನಿಲ್ಲುವನು, ಹುಡುಗಿಯು ಗಾರ್ಮೆಂಟ್ಸಿನಲ್ಲಿ ಹೊಲಿಯುವಳು. ಪಾಳಿಯ ಗಂಟೆಯು ಇಬ್ಬರಿಗೂ ಒಂದೇ. ಅವರು ಮದುವೆಯ ಮಾತೆತ್ತಿದಾಗ ಮಾತ್ರ, ಗೋಡೆಯ ಮೇಲೆ ಬಸವಣ್ಣನವರ ಪಟವಿದ್ದರೂ, ಅದರ ಕೆಳಗೆ ಕುಳಿತ ಹಿರಿಯರು "ಅವರು ಯಾವ ಪೈಕಿ?" ಎಂದು ಕೇಳುವರು. ಬೇರೆ ಜಾತಿಯ ಮಾತು ಹಾಗಿರಲಿ, ಲಿಂಗವಂತರ ಒಳಪಂಗಡ ಬೇರೆಯಾದರೂ ಸಂಬಂಧವು ಮುರಿಯುವುದುಂಟು. ಹೀಗೆ ಮುರಿದು ತಮ್ಮ ಪಂಗಡದಲ್ಲಿಯೇ ಹೆಣ್ಣು ತಂದವರು ಲಗ್ನಪತ್ರಿಕೆಯಲ್ಲಿ ಪರಿಣಯವೆಂದೋ ಉದ್ವಾಹವೆಂದೋ ಅಚ್ಚು ಹಾಕಿಸಲಿ, ಕೋಶಕ್ಕೆ ಅದರಿಂದ ಲೋಪವಿಲ್ಲ. ಕಲ್ಯಾಣ ಮಹೋತ್ಸವವೆಂದು ಹಾಕಿಸುವ ಮುನ್ನ ಹರಳಯ್ಯ ಮಧುವರಸರ ಹೆಸರನ್ನು ಒಮ್ಮೆ ಹೇಳಿಕೊಳ್ಳಬೇಕಾದೀತು.